ಈಥರಿಗೂ ಮೊದಲೇ ಮಲಗಿದ ಕೂಸು

ಅರಿವಳಿಕೆ ಕೊಡುವ ಕೆಲಸದಲ್ಲಿ ನನಗೆ ಮೊದಲ ಶಾಬಾಸ್‌ಗಿರಿ ಸಿಕ್ಕಿದ್ದು ಹತ್ತು ತಿಂಗಳ ಒಂದು ಹೆಣ್ಣುಕೂಸಿನ ದೆಸೆಯಿಂದ. ಅದು ನನಗೆ ಸಲ್ಲಬೇಕಾದ ಮಾತಾಗಿರಲಿಲ್ಲ. ಸಲ್ಲದು ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಅದನ್ನು ನಾನೇ ಇಟ್ಟುಕೊಂಡೆ. ಆ ಸ್ವಲ್ಪ ಹೊತ್ತಿನ ಬಗ್ಗೆ ಇಷ್ಟು ವರ್ಷ ಎಲ್ಲಿಯೂ ಬರೆದಿಲ್ಲ.

ನಮ್ಮದು ವಿಜಾಪುರದ ಕಡೆಯ ಸಣ್ಣ ಊರು. ಅಪ್ಪ ಬಹಳ ಮುಂಚೆಯೇ ನಾಸಿಕಕ್ಕೆ ಹೋಗಿ, ಕರಾವಳಿಯವರ ಒಂದು ಹೋಟೆಲಿನಲ್ಲಿ ಭಟ್ಟಿ ಉರಿಸುವ ಕೆಲಸಕ್ಕೆ ನಿಂತಿದ್ದ. ಅವ್ವ ಬಾಡಿಗೆ ವಠಾರದಂಥ ಚಾಳಿನ ಕೋಣೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ನಾನು ಏಳನೆಯ ಇಯತ್ತೆಯ ತನಕ ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ ಕಲಿತೆ. ಆಮೇಲೆ ನಾಸಿಕಕ್ಕೆ ಬಂದು, ಒಂದಕ್ಷರ ಬಾರದ ಮರಾಠಿ ಶಾಲೆಯಲ್ಲಿ ಹಿಂದಿನ ಬೆಂಚಿಗೆ ಕೂತೆ. ಎರಡು ವರ್ಷಕ್ಕೆ ಮುಂದಿನ ಬೆಂಚಿಗೆ ಬಂದೆ. ನಮ್ಮ ಮನೆತನದಲ್ಲಿ ಮ್ಯಾಟ್ರಿಕ್ ದಾಟಿದವಳು ನಾನೇ ಮೊದಲು. ಡಿಗ್ರಿ ಹಿಡಿದವಳೂ ನಾನೇ, ಡಾಕ್ಟರ್ ಆದವಳೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಂದು ಕೈಗಿಟ್ಟದ್ದಲ್ಲ. ಚಾಳಿನ ಮೆಟ್ಟಿಲ ಮೇಲೆ ಕೂತು ಓದಿ ಪಡೆದದ್ದು.

ಅದೇ ಚಾಳಿನಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ಕೊನೆಯ ತಮ್ಮ ಆಗ ಇನ್ನೂ ಮೊಲೆ ಕುಡಿಯುವ ಕೂಸು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲು ಸಾಣೆಕಲ್ಲಿನ ಮೇಲೆ ಒಂದು ಹನಿ ನೀರು ಬಿಟ್ಟು, ಸಾಸಿವೆಕಾಳಿನಷ್ಟು ಕಪ್ಪು ಗುಳಿಗೆಯನ್ನು ಗಂಧದ ಹಾಗೆ ತೇಯ್ದು, ಬೆರಳಿಗೆ ಹಚ್ಚಿ ಅವನಿಗೆ ನೆಕ್ಕಿಸುತ್ತಿದ್ದೆ. ಮರಾಠಿಯವರು ಅದನ್ನು ಬಾಳಗೋಳಿ ಅನ್ನುತ್ತಿದ್ದರು. ನೆಕ್ಕಿದ ಕೂಸು ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅವ್ವನ ಬುಟ್ಟಿಯಲ್ಲಿ ಬೀಡಿಯ ಕಟ್ಟುಗಳು ತುಂಬಿರುತ್ತಿದ್ದವು. ನಮ್ಮ ಸಾಲಿನ ಎಲ್ಲ ಮನೆಗಳಲ್ಲೂ ಹೀಗೇ. ಅದರಲ್ಲಿ ಅಫೀಮು ಇದೆ ಎಂದು ದೊಡ್ಡವರಿಗೆ ಗೊತ್ತಿತ್ತು. ಆದರೆ ಅದನ್ನು ಯಾರೂ ಔಷಧಿ ಎಂದೂ ಕರೆಯುತ್ತಿರಲಿಲ್ಲ, ಅಮಲು ಎಂದೂ ಕರೆಯುತ್ತಿರಲಿಲ್ಲ. ಕಾಡಿಗೆ ಹಚ್ಚುವ ಹಾಗೆ, ಎಣ್ಣೆ ತೀಡುವ ಹಾಗೆ, ಕೂಸಿಗೆ ಮಾಡುವ ಹತ್ತು ಕೆಲಸಗಳಲ್ಲಿ ಅದೂ ಒಂದು.

ಡಾಕ್ಟರಿಕೆ ಓದಲು ನಾನು ಹೋದದ್ದು ಔರಂಗಾಬಾದಿಗೆ. ಊರಿಗೆ ಈಗ ಬೇರೆ ಹೆಸರು ಬಂದಿದೆ. ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಡಿಗ್ರಿ ಮುಗಿಸಿ ಅಲ್ಲಿಯೇ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಿಪ್ಲೊಮಾಕ್ಕೆ ಸೇರಿದೆ. ಅರವತ್ತರ ದಶಕದ ಕೊನೆಯ ವರ್ಷಗಳು. ಆ ಕೆಲಸಕ್ಕೆ ಬರುವವರೇ ಕಡಿಮೆ. ಜನರ ಕಣ್ಣಿಗೆ ಕೊಯ್ಯುವವನೇ ಡಾಕ್ಟರು. ನಾವು ಭೂಲ್, ಅಂದರೆ ಎಚ್ಚರ ತಪ್ಪಿಸುವ ಮದ್ದು ಕೊಡುವವರು, ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂರುವವರು.

ಅಲ್ಲಿ ನಾನೊಂದು ಸುಳ್ಳು ಬೆಳೆಸಿಕೊಂಡಿದ್ದೆ. ಕನ್ನಡದವಳು ಎಂದರೆ ಸಾಕು, ಮಹಾರಾಷ್ಟ್ರದಲ್ಲಿ ಎಲ್ಲರೂ, “ನಿಮ್ಮದು ಹೋಟೆಲಾ?” ಎಂದು ಕೇಳುತ್ತಾರೆ. ನಾನು, “ಹೌದು, ಅಪ್ಪ ನಾಸಿಕದಲ್ಲಿ ಹೋಟೆಲಿನಲ್ಲಿದ್ದಾರೆ” ಅನ್ನುತ್ತಿದ್ದೆ. ಕೇಳಿದವರು ಗಲ್ಲಾದ ಹಿಂದೆ ಕೂತ ಮಾಲೀಕರನ್ನು ಊಹಿಸಿಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಸಹಪಾಠಿಗಳಲ್ಲಿ ವಕೀಲರ ಮಕ್ಕಳಿದ್ದರು, ದೇಶಮುಖರ ಮಕ್ಕಳಿದ್ದರು. ಭಟ್ಟಿಯ ಬೂದಿ ಬಳಿಯುವವನ ಮಗಳು ಎಂದು ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. ಈಗಿರುವ ಹೆಮ್ಮೆ ಆಗ ಇದ್ದಿದ್ದರೆ ಈ ಕಥೆ ಬೇರೆ ಥರ ಆಗುತ್ತಿತ್ತು.

ನಮ್ಮ ಪ್ರೊಫೆಸರು ಮರಾಠಿಯವರು. ಕಡ್ಡಿ ಮುರಿದ ಹಾಗೆ ಮಾತು. ಮೊದಲ ವಾರವೇ ಅವರು ಹೇಳಿಕೊಟ್ಟ ಪಾಠ: “ಗ್ಯಾಸು ಖಾಲಿ ಮನೆಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಒಳಗೆ ಮೊದಲೇ ಯಾರು ಬಂದು ಕೂತಿದ್ದಾರೆ ಕೇಳಿ.” ಅವರ ಮಾತಿನ ಅರ್ಥ ಹೀಗೆ. ಈಥರು, ಆಗಷ್ಟೇ ಬರತೊಡಗಿದ್ದ ಹ್ಯಾಲೋಥೇನು, ಇವೆಲ್ಲ ಮಿದುಳನ್ನು ಮಲಗಿಸುವಾಗ ಉಸಿರಾಟವನ್ನೂ ಒಂದಿಷ್ಟು ಮಲಗಿಸುತ್ತವೆ. ನಿದ್ದೆಗುಳಿಗೆ, ಅಫೀಮು, ಸಾರಾಯಿ ಮಾಡುವುದೂ ಅದನ್ನೇ. ಅವತ್ತೇ ಇಂಥದ್ದೊಂದನ್ನು ತೆಗೆದುಕೊಂಡು ಬಂದವರಿಗೆ ಗ್ಯಾಸು ಕಡಿಮೆ ಸಾಕು. ಬೇರೆಯವರಿಗೆ ಕೊಟ್ಟಷ್ಟೇ ಕೊಟ್ಟರೆ ನಿದ್ದೆಯ ಜೊತೆಗೆ ಉಸಿರೂ ಹೋಗುತ್ತದೆ. ಇನ್ನು ವರ್ಷಗಟ್ಟಲೆ ದಿನಾ ನಿದ್ದೆಗುಳಿಗೆ ನುಂಗಿದವರದು ಉಲ್ಟಾ. ಮೈ ಪಳಗಿರುತ್ತದೆ, ಗ್ಯಾಸು ಹೆಚ್ಚೇ ಎಳೆಯುತ್ತಾರೆ. ಆದ್ದರಿಂದ ಕೇಳಬೇಕು. ನಾಚಿಕೆ ಬಿಟ್ಟು, ಎರಡೆರಡು ಸಲ, ಬೇರೆಬೇರೆ ಮಾತಿನಲ್ಲಿ ಕೇಳಬೇಕು.

ಈ ಪಾಠವನ್ನು ನಾನು ತರಗತಿಯಲ್ಲಿ ಎದ್ದು ನಿಂತು ಗಿಳಿಯ ಹಾಗೆ ಒಪ್ಪಿಸಿದ್ದೆ.

ಆ ಹೊತ್ತಿಗೆ ಪೈಠಣದ ಹತ್ತಿರ ಗೋದಾವರಿಗೆ ಅಣೆಕಟ್ಟು ಏಳುತ್ತಿತ್ತು. ಕಲ್ಲು ಒಡೆಯಲು ಗುಲ್ಬರ್ಗಾದ ಕಡೆಯಿಂದ ಬಂದ ಮಂದಿ ಅಲ್ಲಿ ತಗಡಿನ ಗುಡಿಸಲುಗಳಲ್ಲಿ ಇದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬಳು ತನ್ನ ಕೂಸನ್ನು ಆಸ್ಪತ್ರೆಗೆ ತಂದಳು. ಕೂಸಿನ ಮೇಲ್ತುಟಿ ಹುಟ್ಟಿನಿಂದಲೇ ಸೀಳಿತ್ತು. ಗಂಡ ಸೇರಿಸಿ ಕೆಲಸಕ್ಕೆ ತಿರುಗಿ ಹೋಗಿದ್ದ. ಅವಳಿಗೆ ಮರಾಠಿ ಬಾರದು. ಪ್ರೊಫೆಸರು ನನ್ನನ್ನು ಕರೆದು, “ನಿನ್ನ ಭಾಷೆಯವಳು. ಪೂರಾ ಹಿಸ್ಟರಿ ತೆಗೆದುಕೋ” ಎಂದು ಕಳಿಸಿದರು.

“ಯಾವೂರು ತಂಗಿ?” ಅಂದೆ.

ಅವಳು ಎದ್ದು ನಿಂತೇಬಿಟ್ಟಳು. “ಅಯ್ಯ ನಮ್ಮವ್ವಾ, ನಮ್ಮ ಮಾತು ಆಡ್ತೀರಲ್ರಿ! ಎರಡು ದಿನಾತು ಅಕ್ಕಾರ, ಇಲ್ಲಿ ಮಂದಿ ನನ್ನ ಕೂಡ ಬರೇ ಕೈಸನ್ನಿ ಮಾಡ್ಲಾಕತ್ತಾರ. ನಾ ಏನ್ ಮೂಕಿ ಏನ್ರಿ?”

“ಕೂಸು ಹೆಂಗ ಹಾಲು ಕುಡೀತದ?”

“ಹಿಂಡಿ ಚಮಚೇಲೆ ಹಾಕ್ತೀನ್ರಿ. ಅರ್ಧ ಒಳಗ, ಅರ್ಧ ಮೂಗಿನ್ಯಾಗಿಂದ ಹೊರಗ. ಆದ್ರ ಹಟಮಾರಿ ಅದಾಳ, ಬಿಡಂಗಿಲ್ಲ.” ನಕ್ಕಳು. ಆಮೇಲೆ ದನಿ ಇಳಿಸಿ, “ಹೆಣ್ಣಲ್ರಿ ಅಕ್ಕಾರ. ತುಟಿಯೊಂದು ಕೂಡಿದ್ರ ಸಾಕು. ಮಂದಿ ಮುಂದ ಮಾರಿ ತೋರ್ಸಾಕ ಬರಬೇಕು” ಅಂದಳು.

ಜ್ವರ ಕೇಳಿದೆ, ಕೆಮ್ಮು ಕೇಳಿದೆ, ಸೆಳೆತ ಕೇಳಿದೆ. ನಮ್ಮ ಕಾಗದದಲ್ಲಿ ಕೊನೆಗೊಂದು ಸಾಲು ಇತ್ತು: ನಿದ್ದೆಯ ಔಷಧಿ ಅಥವಾ ಅಮಲಿನ ಪದಾರ್ಥ ಏನಾದರೂ? ಅದನ್ನು ನಾನು ಕೇಳಲಿಲ್ಲ. ‘ಇಲ್ಲ’ ಎಂದು ಬರೆದೆ.

ಯಾಕೆ ಕೇಳಲಿಲ್ಲ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಮರೆತೆ ಅನ್ನಲಾರೆ. ಪಕ್ಕದಲ್ಲಿ ವಾರ್ಡಿನ ಸಿಸ್ಟರು ನಿಂತಿದ್ದಳು. ಆಗಷ್ಟೇ ಮೂಗು ಮುರಿದು, “ನಿಮ್ಮ ಕಡೆಯವರು ಕೂಸಿನ ಮೈ ತೊಳೆಯುವುದೇ ಇಲ್ಲವಾ ಡಾಕ್ಟರ್?” ಅಂದಿದ್ದಳು. ಅವಳೆದುರು ಅಫೀಮಿನ ಮಾತೆತ್ತಿ, ಇವಳು ಹೌದು ಎಂದು ತಲೆಯಾಡಿಸಿದ್ದರೆ, ಆ ಹೌದು ನನ್ನ ಅವ್ವನಿಗೂ ಬಂದು ಬೀಳುತ್ತಿತ್ತು. ಆ ಪ್ರಶ್ನೆಯನ್ನು ಅದೇ ವಾರ್ಡುಗಳಲ್ಲಿ ಒಬ್ಬ ಪಾಟೀಲರ ಮುದಿತಂದೆಗೆ ಕೇಳಿದ್ದೆ, ಲಾರಿ ಡ್ರೈವರಿಗೆ ಕೇಳಿದ್ದೆ. ಕೂಸಿನ ತಾಯಿಗೆ ಕೇಳಲು ಆಗಲಿಲ್ಲ. ಇಡೀ ಆಸ್ಪತ್ರೆಯಲ್ಲಿ ಅದನ್ನು ಕೇಳಬೇಕೆಂದು ಗೊತ್ತಿದ್ದವಳು ಬಹುಶಃ ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಆಪರೇಷನ್. ಬೆಳಗಾದ ಮೇಲೆ ಹಾಲು, ನೀರು, ಗಂಜಿ ಏನೂ ಕೊಡಬಾರದು ಎಂದು ಹೇಳಿದ್ದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಈಥರು ಕೊಟ್ಟಾಗ ವಾಂತಿಯಾಗಿ ಉಸಿರಿನ ಕೊಳವೆಗೆ ಹೋಗುತ್ತದೆ ಎಂದೂ ತಿಳಿಸಿದ್ದೆ. ಅವಳು ಒಂದೊಂದನ್ನೂ ಬೆರಳು ಮಡಿಸಿ ನೆನಪಿಟ್ಟುಕೊಂಡಳು. ಆದರೆ ಅವತ್ತು ಮೊದಲ ಆಪರೇಷನ್ ಎಳೆಯಿತು. ಒಂಬತ್ತಕ್ಕೆ ಹೋಗಬೇಕಿದ್ದ ಕೂಸು ಹನ್ನೊಂದಾದರೂ ವಾರ್ಡಿನಲ್ಲೇ ಇತ್ತು. ಹಸಿವಿಗೆ ಅತ್ತು ಅತ್ತು ನೀಲಿಗಟ್ಟುತ್ತಿತ್ತು. ಸಿಸ್ಟರು ನನಗೆ ಹೇಳಿ ಕಳಿಸಿದಳು: ನಿಮ್ಮವಳಿಗೆ ಹೇಳಿ, ಕೂಸಿನ ಅಳುವಿಗೆ ಇಡೀ ವಾರ್ಡು ಕಿವಿ ಮುಚ್ಚಿಕೊಂಡಿದೆ.

ನಾನು ಗಡಿಬಿಡಿಯಲ್ಲಿದ್ದೆ. ಬಾಗಿಲಲ್ಲೇ ನಿಂತು ಅಂದೆ: “ಹಿಂಗ ಅಳಾಕ ಬಿಟ್ರ ಹೆಂಗ? ಅತ್ತ ಕೂಸಿಗೆ ಎದಿಯಾಗ ಕಫ ಕೂಡ್ತದ. ಸುಮ್ನಿರಸು.”

“ಹೆಂಗ ಸುಮ್ನಿರಸಲ್ರಿ ಅಕ್ಕಾರ? ಹಾಲು ಬ್ಯಾಡ ಅಂತೀರಿ, ನೀರು ಬ್ಯಾಡ ಅಂತೀರಿ.”

“ನಿನಗ ನಾನು ಹೇಳಿಕೊಡಬೇಕೇನು? ಕೂಸಿನ್ನ ಹೆಂಗ ಸುಮ್ನಿರಸೂದು ಹಡೆದಾಕಿಗೆ ಗೊತ್ತಿರಬೇಕು.”

ಇಷ್ಟು ಅಂದು ಹೊರಟುಹೋದೆ.

ಅರ್ಧ ತಾಸಿಗೆ ಕೂಸನ್ನು ತಂದರು. ತಾಯಿಯ ಹೆಗಲ ಮೇಲೆ ಬಾಯಿ ತೆರೆದು ಮಲಗಿತ್ತು. ಕೈಗಳು ಜೋತು ಬಿದ್ದಿದ್ದವು. ತಮ್ಮ ಆ ಥರ ಮಲಗಿದ್ದನ್ನು ನಾನು ದಿನಾ ನೋಡಿದವಳು. ನೋಡಿದೆ, ‘ಅತ್ತು ಸೋತಿದೆ’ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ತೆಗೆದುಕೊಂಡೆ.

ಈಥರು ಕೊಡುವ ರೀತಿ ಆಗ ಸರಳ. ತಂತಿಯ ಬುಟ್ಟಿಯಂಥ ಮುಖವಾಡ, ಅದರ ಮೇಲೆ ಗಾಜ್ ಬಟ್ಟೆಯ ಪದರು. ಬಾಟಲಿಯಿಂದ ಹನಿಹನಿಯಾಗಿ ಬಟ್ಟೆಯ ಮೇಲೆ ಬಿಡುವುದು. ಎಷ್ಟು ಹನಿ ಎಂದು ಹೇಳುವ ಯಂತ್ರವಿಲ್ಲ. ಉಸಿರು, ನಾಡಿ, ಕಣ್ಣು ನೋಡಿ ನಾವೇ ತಿಳಿಯಬೇಕು. ಮಕ್ಕಳಿಗೆ ಈಥರ್ ಕೊಡುವುದೆಂದರೆ ಒಂದು ಕುಸ್ತಿ. ಘಾಟಿಗೆ ಉಸಿರು ಬಿಗಿ ಹಿಡಿಯುತ್ತವೆ, ಕೆಮ್ಮುತ್ತವೆ, ಒದೆಯುತ್ತವೆ, ಇಬ್ಬರು ಹಿಡಿದುಕೊಳ್ಳಬೇಕು. ಈ ಕೂಸು ಒದೆಯಲಿಲ್ಲ. ನಾಲ್ಕು ಉಸಿರು ಎಳೆದುಕೊಂಡು ಹಾಗೇ ಇಳಿದುಹೋಯಿತು. ಹಿಡಿಯಲು ಬಂದ ಆಯಾ ಕೈಕಟ್ಟಿ ನಿಂತಳು.

ಕೈ ತೊಳೆಯುತ್ತಿದ್ದ ಸರ್ಜನ್ನು ತಿರುಗಿ ನೋಡಿ ನಕ್ಕರು. “ಅರೆ ವಾ! ಹೋಟೆಲಿನವರ ಮಗಳು ನೋಡಿ, ದೋಸೆಗೆ ಎಣ್ಣೆ ಬಿಟ್ಟ ಹಾಗೆ ಈಥರ್ ಬಿಡ್ತಾಳೆ. ಚುಂಯ್ ಅನ್ನಲಿಲ್ಲ!”

ಆಚೆ ಟೇಬಲಿನ ರೋಗಿಯ ಹತ್ತಿರ ನಿಂತಿದ್ದ ಪ್ರೊಫೆಸರು, ಯಾರನ್ನೂ ಹೊಗಳದವರು, ಕತ್ತೆತ್ತಿ, “ಶಾಬಾಸ್” ಅಂದರು.

ನನ್ನ ಕಿವಿ ಬಿಸಿಯಾಯಿತು. ಆ ಮೂರಕ್ಷರಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನನಗೇ ಗೊತ್ತು.

ಆಮೇಲೆ ಉಸಿರು ನಿಧಾನವಾಗತೊಡಗಿತು. ಈಥರಿನ ಹೊಸದರಲ್ಲಿ ಉಸಿರು ಜೋರಾಗಬೇಕು, ನಿಧಾನವಾಗಬಾರದು. ಹನಿ ನಿಲ್ಲಿಸಿದೆ. ಎದೆ ಒಮ್ಮೆ ಏಳುತ್ತಿತ್ತು, ನಾನು ಕಾಯುತ್ತಿದ್ದೆ, ಮತ್ತೆ ಏಳುತ್ತಿತ್ತು. ಸೀಳಿದ ತುಟಿಯ ಅಂಚು ನೇರಳೆಯ ಬಣ್ಣಕ್ಕೆ ತಿರುಗಿತು. ಮುಖವಾಡ ತೆಗೆದು ಆಕ್ಸಿಜನ್ ಚೀಲ ಹಚ್ಚಿ ಕೈಯಿಂದ ಒತ್ತತೊಡಗಿದೆ. ಇನ್ನೊಂದು ಕೈಯಿಂದ ಕಣ್ಣಿನ ರೆಪ್ಪೆ ಎತ್ತಿದೆ. ಪಾಪೆ ಗುಂಡುಸೂಜಿಯ ಮೊನೆಯಷ್ಟೇ ಇತ್ತು.

ಈಥರು ಪಾಪೆಯನ್ನು ಹಾಗೆ ಮಾಡುವುದಿಲ್ಲ. ಅಫೀಮು ಮಾಡುತ್ತದೆ. ನನಗೆ ಪುಸ್ತಕ ನೆನಪಾಗಲಿಲ್ಲ. ತಮ್ಮನ ಕಣ್ಣು ನೆನಪಾಯಿತು.

“ಏನಾಯಿತು?” ಪ್ರೊಫೆಸರು ಅಲ್ಲಿಂದಲೇ ಕೇಳಿದರು. ಅವರ ರೋಗಿಯನ್ನು ಬಿಟ್ಟು ಬರುವ ಹಾಗಿರಲಿಲ್ಲ.

“ಉಸಿರು ನಿಧಾನ ಆಗಿದೆ ಸರ್.”

“ಹೆಚ್ಚು ಸುರಿದೆಯಾ?”

“ಇಲ್ಲ ಸರ್. ಕಡಿಮೆಯೇ.”

“ಹಾಗಾದರೆ ಯಾಕೆ?”

“ಗೊತ್ತಿಲ್ಲ ಸರ್.”

ಇದೇ ಆ ಸ್ವಲ್ಪ ಹೊತ್ತು. ಚೀಲ ಒತ್ತುತ್ತಾ ಇದ್ದೆ, ಕೂಸಿಗೆ ಗಾಳಿ ಹೋಗುತ್ತಿತ್ತು, ಅಷ್ಟು ಮಾತ್ರ ಸಮಾಧಾನ. ಅಫೀಮನ್ನು ಇಳಿಸುವ ಒಂದು ಇಂಜೆಕ್ಷನ್ ಇತ್ತು. ಅದು ಕೀಲಿ ಹಾಕಿದ ಕಪಾಟಿನಲ್ಲಿ. ಕೇಳಬೇಕೆಂದರೆ ಅಫೀಮು ಎಂದು ಹೇಳಬೇಕು. ಹೇಳಿದರೆ, ‘ಕೇಳಲಿಲ್ಲವಾ? ಅದಕ್ಕೇ ತಾನೆ ನಿನ್ನನ್ನು ಕಳಿಸಿದ್ದು?’ ಎಂದು ಬರುತ್ತದೆ. ಆ ಶಾಬಾಸ್ ಇನ್ನೂ ಕಿವಿಯಲ್ಲಿ ಆರಿರಲಿಲ್ಲ. ತಾನಾಗಿ ಉಸಿರು ಬರಬಹುದು, ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದುಕೊಂಡೆ. ಗಡಿಯಾರ ನನ್ನ ಎದುರಿಗೇ ಇತ್ತು. ನಾಲ್ಕು ನಿಮಿಷ. ಆ ನಾಲ್ಕು ನಿಮಿಷದ ಕೊನೆಗೆ ನಾಡಿಯೂ ಇಳಿಯತೊಡಗಿತು. ಆಗ ಬಾಯಿ ಬಿಟ್ಟೆ: “ಸರ್, ಪಾಪೆ ಸಣ್ಣದಾಗಿದೆ. ಅಫೀಮು ಇರಬೇಕು.”

ಕಪಾಟು ತೆರೆಯಿತು. ಇಂಜೆಕ್ಷನ್ ಕೊಟ್ಟೆವು. ಕೂಸು ಒಮ್ಮೆ ದೊಡ್ಡದಾಗಿ ಬಿಕ್ಕಿ ಉಸಿರೆಳೆದುಕೊಂಡಿತು, ಮತ್ತೆ ಎಳೆದುಕೊಂಡಿತು. ತುಟಿ ಕೆಂಪಾಯಿತು. ಆಪರೇಷನ್ ಅವತ್ತು ಬೇಡವೆಂದು ಸರ್ಜನ್ನು ಕೈಗವಸು ಬಿಚ್ಚಿ ಹೋದರು.

ನನ್ನ ತಪ್ಪು ಇಲ್ಲಿಗೇ ನಿಂತಿದ್ದರೆ ಬಹುಶಃ ನಾನಿದನ್ನು ಬರೆಯುತ್ತಿರಲಿಲ್ಲ.

ಪ್ರೊಫೆಸರು ತಾಯಿಯನ್ನು ಬಾಗಿಲಿಗೆ ಕರೆಸಿದರು. ನಡುವೆ ನಾನು, ಅವರ ಮರಾಠಿ ಅವಳಿಗೆ, ಅವಳ ಕನ್ನಡ ಅವರಿಗೆ.

“ಕೇಳು ಇವಳನ್ನು. ಕೂಸಿಗೆ ಏನು ಕೊಟ್ಟಳು?”

ಕೇಳಿದೆ. ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಎರಡು ಕಪ್ಪು ಗುಳಿಗೆ. “ಒಂದs ತೇಯ್ದು ಬೆರಳಿಗೆ ಹಚ್ಚಿ ನೆಕ್ಕಸೀನ್ರಿ. ಹಾಲು ಕೊಟ್ಟಿಲ್ಲ, ನೀರು ಕೊಟ್ಟಿಲ್ಲ, ದೇವರಾಣಿ. ಇದು ಉಣ್ಣೂದಲ್ಲಲ್ರಿ.”

“ಯಾರು ಕೊಡು ಅಂದರು? ಕೂಸನ್ನು ಕೊಲ್ಲಲು ಬಂದಿದ್ದಾಳಾ ಇವಳು? ಹೇಳು ಅವಳಿಗೆ, ಹಾಗೇ ಹೇಳು.”

ಹಾಗೇ ಹೇಳಿದೆ. ಮೆತ್ತಗೆ ಮಾಡಿ ಹೇಳಬಹುದಿತ್ತು. ಪ್ರೊಫೆಸರು ನನ್ನ ಮುಖ ನೋಡುತ್ತಿದ್ದರು. ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅರ್ಥವಾಗದವಳ ಹಾಗೆ ನೋಡಿದಳು. “ಅಕ್ಕಾರ, ನೀವs ಅಂದ್ರಲ್ರಿ, ಸುಮ್ನಿರಸು ಅಂತ, ಹಡೆದಾಕಿಗೆ ಗೊತ್ತಿರಬೇಕು ಅಂತ. ನಾ ಮತ್ತೇನ್ ಮಾಡ್ಲಿ?”

“ಏನಂತೆ?” ಪ್ರೊಫೆಸರು ಕೇಳಿದರು.

ನಾನು ಮರಾಠಿಯಲ್ಲಿ ಅಂದೆ: “ಅವರಲ್ಲಿ ರೂಢಿಯಂತೆ ಸರ್. ತಿಳಿಯಲಿಲ್ಲ ಅನ್ನುತ್ತಾಳೆ.”

ಅವಳಿಗೆ ಮರಾಠಿ ಬಾರದು, ನಿಜ. ಆದರೆ ತಾನಾಡಿದ ಉದ್ದದ ಮಾತು ಎಷ್ಟು ಗಿಡ್ಡವಾಗಿ ಆ ಕಡೆ ಹೋಯಿತು ಎಂದು ಯಾರಿಗಾದರೂ ತಿಳಿಯುತ್ತದೆ. ಪ್ರೊಫೆಸರು ಕಾಗದದ ಮೇಲೆ, ಸೂಚನೆ ಮೀರಿ ತಾಯಿ ಅಫೀಮು ಕೊಟ್ಟಿದ್ದಾಳೆ ಎಂದು ಬರೆದರು. ನನ್ನ ‘ಇಲ್ಲ’ದ ಕೆಳಗೇ ಆ ಸಾಲು ಬಂತು. ಮರುದಿನ ಗಂಡ ಬಂದು ಇಬ್ಬರನ್ನೂ ಕರೆದುಕೊಂಡು ಹೋದ. ಹತ್ತು ದಿನ ಬಿಟ್ಟು ಬನ್ನಿ ಎಂದಿದ್ದೆವು. ಅವರು ಬರಲಿಲ್ಲ.

ದೀಪಾವಳಿಗೆ ನಾಸಿಕಕ್ಕೆ ಹೋದೆ. ಎಸ್.ಟಿ. ಬಸ್ಸು ನಡುದಾರಿಯ ವೈಜಾಪುರದಲ್ಲಿ ಕೆಟ್ಟು ನಿಂತು, ಮನೆ ಮುಟ್ಟುವಾಗ ಮಧ್ಯಾಹ್ನ. ಅವ್ವ ಎಂದಿನ ಹಾಗೆ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಪ್ರೊಫೆಸರಿಗೆ ಹೇಳಲಾಗದ್ದನ್ನೂ ಹೇಳಿದೆ.

“ನಾಕೂ ಮಂದಿಗೆ ನಾ ಕೊಟ್ಟೇನಿ” ಅಂದಳು ಅವ್ವ. “ನಿನಗೂ ಕೊಟ್ಟೇನಿ. ನೀ ಡಾಕ್ಟರ್ ಆಗಲಿಲ್ಲೇನು?”

“ಅದಲ್ಲವ್ವ. ಅದರ ಮ್ಯಾಲೆ ನಮ್ಮ ಈಥರ್ ಬಿತ್ತಲ್ಲ, ಎರಡೂ ಕೂಡಿ…”

“ತಿಳೀತು ಬಿಡು.” ಎಲೆ ಕತ್ತರಿಸುವ ಕತ್ತರಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು: “ಸಣ್ಣಾವ ಸಾಲಿಯಾಗ ಹಿಂದ ಬಿದ್ನಲ್ಲ, ಅದಕs ಏನು?”

“ಅದಕ್ಕಲ್ಲ” ಅಂದೆ. ಅದಕ್ಕೇ ಇರಬಹುದು, ಇಲ್ಲದಿರಬಹುದು, ನನಗೆ ಗೊತ್ತಿರಲಿಲ್ಲ. ಡಾಕ್ಟರಾಗಿ ಅವ್ವನಿಗೆ ಹೇಳಿದ ಮೊದಲ ಸುಳ್ಳು.

ಅವ್ವ ಮತ್ತೆ ಕತ್ತರಿ ಎತ್ತಿಕೊಂಡಳು. “ಆ ಹೆಣ್ಮಗಳು ಪರಊರಾಗ ನಿನ್ನ ಮಾತು ನಂಬಿದ್ಳು. ನೀ ಆಕಿ ಮಾತು ನುಂಗಿದಿ. ಕಲ್ತಾಕಿ ನೀನs. ಹೋಗಿ ನೋಡಿ ಬಾ.”

ರಜೆ ಮುಗಿದ ಮೊದಲ ರವಿವಾರ ಪೈಠಣಕ್ಕೆ ಹೋದೆ. ಅಣೆಕಟ್ಟಿನ ಕೆಲಸದ ಜಾಗದಲ್ಲಿ ಕಲ್ಲಿನ ಪುಡಿ ಹಿಟ್ಟಿನ ಹಾಗೆ ಎಲ್ಲದರ ಮೇಲೂ ಕೂತಿತ್ತು. ಗುಡಿಸಲು ಹುಡುಕುವುದು ಕಷ್ಟವಾಗಲಿಲ್ಲ. ತುಟಿ ಸೀಳಿದ ಕೂಸು ಎಂದರೆ ಎಲ್ಲರಿಗೂ ಗೊತ್ತು. ಅವಳು ಹೊರಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೂಸು ಪಕ್ಕದಲ್ಲಿ ಕೂತು ಹಿಟ್ಟು ಹಿಚುಕುತ್ತಿತ್ತು. ನನ್ನನ್ನು ನೋಡಿ ಏಳಲಿಲ್ಲ. ಆದರೆ, “ಕೂಡ್ರಿ” ಅಂದಳು, ಕೈಯಿಂದಲೇ ಒಂದು ಕಲ್ಲು ಒರೆಸಿಕೊಟ್ಟಳು.

“ಕೂಸಿನ್ನ ಕರಕೊಂಡು ಬಾ ತಂಗಿ. ಈ ಸಲ ನಾನs ಕೂಡ್ತೀನಿ ಹತ್ರ. ಏನೂ ಆಗಂಗಿಲ್ಲ.”

“ಅವತ್ತೂ ನೀವs ಇದ್ರಿ.”

ಅವಳು ರೊಟ್ಟಿ ತಿರುವಿ ಹಾಕಿದಳು.

“ತಪ್ಪು ನಾ ಮಾಡೀನ್ರಿ ಅಕ್ಕಾರ, ಇಲ್ಲ ಅನ್ನಂಗಿಲ್ಲ. ಆ ಗುಳಿಗಿ ಆವತ್ತs ಒಗದು ಬಂದೀನಿ. ಆದ್ರ ಆ ಸಾಹೇಬ್ರು ನನಗ ಕೂಸು ಕೊಲ್ಲಾಕ ಬಂದಾಕಿ ಅಂದ್ರು. ಅದನ್ನ ನೀವು ನಮ್ಮ ಮಾತಿನ್ಯಾಗ ನನಗ ಮುಟ್ಟಿಸಿದ್ರಿ, ಒಂದಕ್ಷರ ಬಿಡಲಿಲ್ಲ. ನನ್ನ ಮಾತು ಅವ್ರಿಗ್ಯಾಕ ಮುಟ್ಟಿಸಲಿಲ್ರಿ? ನನ್ನ ಗಂಡ ಇವತ್ತಿಗೂ ಅಂತಾನ, ಡಾಕ್ಟ್ರು ಹೇಳಿದ್ದು ಮೀರಿ ಕೊಟ್ಟಿ ಅಂತ.”

“ನಂದು ತಪ್ಪಾತು.”

“ನನಗ ಹೇಳಿದ್ರ ಏನ್ ಬಂತು? ಅವ್ರಿಗೆ ಹೇಳ್ರಿ. ಹೇಳಿ ಬಂದು ನನ್ನ ಕರೀರಿ. ಬರ್ತೀನಿ. ನನ್ನ ಗಂಡನ್ನೂ ಒಪ್ಪಸ್ತೀನಿ.”

ಹೇಳುತ್ತೇನೆ ಎಂದೆ. ಅವಳು ಬಿಸಿ ರೊಟ್ಟಿ, ಪುಂಡಿಪಲ್ಯೆ ಕೊಟ್ಟಳು. ತಿಂದು ಬಂದೆ.

ಸೋಮವಾರ ಬೆಳಿಗ್ಗೆ ಪ್ರೊಫೆಸರ ಕೋಣೆಯ ಬಾಗಿಲಿಗೆ ಹೋದೆ. ಅವರು ತಲೆಯೆತ್ತಿ, “ಏನು?” ಅಂದರು. “ರಜೆಯಿಂದ ಬಂದೆ ಸರ್” ಅಂದೆ. ಡಿಪ್ಲೊಮಾದ ಪರೀಕ್ಷೆ ಮಾರ್ಚಿನಲ್ಲಿತ್ತು. ಪರೀಕ್ಷಕರಲ್ಲಿ ಅವರೂ ಒಬ್ಬರು. ಒಂದು ಸಲ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳಿದರೆ ಏನು ಹೋಗುತ್ತದೆ ಎಂದುಕೊಂಡೆ. ಬೂದಿ ಬಳಿಯುವವನ ಮಗಳಿಗೆ ಎರಡನೆಯ ಅವಕಾಶ ಯಾರು ಕೊಡುತ್ತಾರೆ ಎಂದುಕೊಂಡೆ. ಕೂಸು ಹೇಗೂ ಉಣ್ಣುತ್ತದೆ, ನಗುತ್ತದೆ, ನಾಲ್ಕು ತಿಂಗಳು ತಡವಾದರೆ ತುಟಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡೆ. ಇವೆಲ್ಲ ಲೆಕ್ಕಕ್ಕೆ ಸರಿಯಾದ ಮಾತುಗಳೇ. ಆ ನಾಲ್ಕು ತಿಂಗಳಲ್ಲಿ ಪ್ರೊಫೆಸರು ಹೊಸ ಹುಡುಗರಿಗೆ ಆ ಪ್ರಕರಣವನ್ನು ಎರಡು ಸಲ ಪಾಠವಾಗಿ ಹೇಳಿದರು: ತಾಯಿಯ ಅಜ್ಞಾನ, ಡಾಕ್ಟರ ಚುರುಕುಗಣ್ಣು. ನಾನು ಎರಡು ಸಲವೂ ಹಿಂದೆ ನಿಂತು ಕೇಳಿದೆ.

ಪಾಸಾದೆ. ಫಲಿತಾಂಶ ಬಂದ ದಿನವೇ ಅವರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಕೇಳದೆ ‘ಇಲ್ಲ’ ಬರೆದದ್ದು, ಬಾಗಿಲಲ್ಲಿ ಆಡಿದ ಮಾತು, ನಾಲ್ಕು ನಿಮಿಷ, ಗಿಡ್ಡ ಮಾಡಿದ ಅನುವಾದ, ಅಪ್ಪನ ಭಟ್ಟಿ, ಅವ್ವನ ಸಾಣೆಕಲ್ಲು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವತ್ತೇ ಹೇಳಿದ್ದರೆ ಎರಡು ನಿಮಿಷ ಬೈಯುತ್ತಿದ್ದೆ. ನಿನಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಹುಡುಗಿ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಕೂಸುಗಳ ತಾಯಂದಿರನ್ನು ಈ ಪ್ರಶ್ನೆ ಹೇಗೆ ಕೇಳಬೇಕೆಂದು ನನಗೆ ಯಾರೂ ಕಲಿಸಿಲ್ಲ. ನೀನು ಕಲಿಸಬಹುದಿತ್ತು.” ಆಮೇಲೆ ಕೇಳಿದರು: “ಕೂಸಿನ ತುಟಿ ಹೊಲಿಸಿದೆಯಾ?”

“ಇಲ್ಲ ಸರ್.”

“ಮತ್ತೆ ಇಲ್ಲಿ ಯಾಕೆ ನಿಂತಿದ್ದೀ? ಹೋಗು. ನಾನೇ ಅವಳ ಎದುರು ಮಾತಾಡುತ್ತೇನೆಂದು ಹೇಳು. ಆ ಕಾಗದವನ್ನೂ ತೆಗೆಸಿಡುತ್ತೇನೆ, ತಿದ್ದಬೇಕು.”

ಮರುದಿನವೇ ಮೊದಲ ಬಸ್ಸಿಗೆ ಪೈಠಣಕ್ಕೆ ಹೋದೆ. ಬಿಸಿಲು ಆಗಲೇ ಸುಡುತ್ತಿತ್ತು. ಗುಡಿಸಲುಗಳಿದ್ದ ಕಡೆ ಒಲೆಯ ಕಲ್ಲುಗಳು, ಹರಿದ ಗೋಣಿತಾಟು, ಅಷ್ಟೇ. ಸ್ವಲ್ಪ ಆಚೆ ಬೇರೊಂದು ಗುಂಪು ಕಲ್ಲು ಒಡೆಯುತ್ತಿತ್ತು. ಅವರ ಮೇಸ್ತ್ರಿ, ಮುಕಾದಮ, ಆಳಂದದ ಕಡೆಯವನು, ನೀರು ಕೊಟ್ಟು ಮಾತಾಡಿಸಿದ.

“ಅವ್ರು ಹೋಳಿ ಹುಣ್ಣಿಮಿ ಮಾಡ್ಕೊಂಡು ಹೋದ್ರಲ್ರಿ ಬಾಯಾರ. ಎಲ್ಲಿಗಂತ ಹೇಳ್ಲಿ? ಒಬ್ರು ಕೃಷ್ಣಾ ಕಡಿ ಅಂದ್ರು, ಒಬ್ರು ಆಂಧ್ರ ಅಂದ್ರು. ಎಲ್ಲಿ ಬಂಧಾರಾ ಕಟ್ತಾರ, ಅಲ್ಲಿಗೆ ಹೋಗೂ ಮಂದಿ.”

“ತುಟಿ ಸೀಳಿದ ಕೂಸು ಇತ್ತಲ್ಲ…”

“ಹಾಂ ಹಾಂ, ಇದ್ಳು ಆ ಪೋರಿ. ಆಕಿ ತಾಯಿ ಹೊಂಡಾಕs ಒಲ್ಲೆ ಅಂತಿದ್ಳು ನೋಡ್ರಿ. ಗಂಡನ ಕೂಡ ಜಗಳಾ ತಗದ್ಳು. ಇನ್ನ ಎಂಟು ದಿನ ತಡೀರಿ, ದವಾಖಾನಿಂದ ನಮ್ಮ ಕಡಿಯಾಕಿ ಒಬ್ಬ ಡಾಕ್ಟರ್ ಬಾಯಿ ಬರ್ತೀನಿ ಅಂದಾಳ, ಸಾಹೇಬ್ರಿಗೆ ಹೇಳಿ ಬರ್ತೀನಿ ಅಂದಾಳ ಅಂತ.” ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಆ ಬಾಯಿ ನೀವs ಏನ್ರಿ?”

ಹೌದು ಅಂದೆ. ಅವನು ಇನ್ನೊಂದು ಲೋಟ ನೀರು ತರಲು ಎದ್ದ. ಬೇಡ ಎಂದು ಹೇಳಿ, ಬಸ್ ನಿಲ್ದಾಣದ ಕಡೆ ನಡೆದೆ.